ದುಂಡಗೆ ಕೂತ ನ್ಯಾಯ

ತಾಳ್ಮೆಯವಳು ಎಂದು ಹೆಸರು ಬರುವುದರಷ್ಟು ದೊಡ್ಡ ಕಷ್ಟ ಇನ್ನೊಂದಿಲ್ಲ. ಸಿಟ್ಟಿನವಳು ಎಂದು ಹೆಸರಾದರೆ ಜನ ದೂರದಿಂದಲೇ ನಮಸ್ಕಾರ ಮಾಡಿ ಹೋಗುತ್ತಾರೆ. ತಾಳ್ಮೆಯವಳ ಮನೆಗೆ ಮಾತ್ರ ಬಾಗಿಲು ತಟ್ಟದೆ ಬರುತ್ತಾರೆ. ಓಣಿಯಲ್ಲಿ ಯಾರ ಕೂಸು ರಚ್ಚೆ ಹಿಡಿದರೂ ಅದು ನನ್ನ ಮಡಿಲಿಗೆ, ಯಾರ ಉಣ್ಣೆಯ ಉಂಡೆ ಗಂಟಾದರೂ ಅದು ನನ್ನ ಕೈಗೆ. ಲಗ್ನದ ಮನೆಗೆ ಹೋದರೆ ಉಳಿದವರಿಗೆಲ್ಲ ಚಹಾ ಬರುತ್ತದೆ, ನನಗೆ ಮಾತ್ರ ಅಕ್ಕಿಯಲ್ಲಿ ಕಲ್ಲು ಆರಿಸುವ ಮೊರ. ನಿಜ ಹೇಳಬೇಕೆಂದರೆ ನನ್ನದು ತಾಳ್ಮೆಯಲ್ಲ, ನಿಧಾನ. ಸಿಟ್ಟು ನನಗೂ ಎಲ್ಲರಷ್ಟೇ ಬರುತ್ತದೆ. ಆದರೆ ಅದು ಹೊಟ್ಟೆಯಿಂದ ಹೊರಟು ಬಾಯಿಗೆ ಬಂದು ಮುಟ್ಟುವಷ್ಟರಲ್ಲಿ ಎದುರಿಗಿದ್ದವರು ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಬರ್ತೀವ್ರಿ ಎಂದು ಎದ್ದು ಹೋಗಿರುತ್ತಾರೆ. ಆಮೇಲೆ ಬಂದ ಸಿಟ್ಟನ್ನು ಏನು ಮಾಡುವುದು? ಪಾತ್ರೆ ತಿಕ್ಕಲು ಉಪಯೋಗಿಸುತ್ತೇನೆ. ನಮ್ಮ ಮನೆಯ ಪಾತ್ರೆಗಳು ಓಣಿಯಲ್ಲೇ ಹೆಚ್ಚು ಹೊಳೆಯುತ್ತವೆ.

ಈ ಹೆಸರಿನ ದೆಸೆಯಿಂದಲೇ ನಾನು ಚಿಕ್ಕೋಡಿಯ ತರಬೇತಿಗೆ ಹೋಗಬೇಕಾಯಿತು. ಅಥಣಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡವನ್ನೂ ಸಮಾಜವನ್ನೂ ಕಲಿಸುವವಳು ನಾನು. ನಮ್ಮ ಹೆಡ್‌ಮಾಸ್ತರ ಚೌಗಲಾ ಸರ್ ಸುತ್ತೋಲೆ ಹಿಡಿದುಕೊಂಡು ಬಂದಾಗ ಗಣಿತದವರಿಗೆ ಬೆನ್ನು ನೋಯತೊಡಗಿತು, ವಿಜ್ಞಾನದವರ ನಾದಿನಿಗೆ ಸೀಮಂತದ ಕುಬಸ ಗೊತ್ತಾಯಿತು, ಪಿ.ಟಿ. ಮಾಸ್ತರ ನಾಯಿಕ ಸರ್‌ಗೆ ಹುಡುಗಿಯರ ಖೋಖೋ ತಂಡ ನೆನಪಾಯಿತು. ಕೊನೆಗೆ ಎಲ್ಲರೂ ಒಂದೇ ದನಿಯಲ್ಲಿ, ಅಕ್ಕಾರು ಹೋಗ್ತಾರ ಬಿಡ್ರಿ, ಅವರಿಗೆ ತಾಳ್ಮಿ ಐತಿ ಎಂದರು. ನನಗೆ ಸಿಟ್ಟು ಬಂತು. ಬಂದಾಗ ನಾನು ಚಿಕ್ಕೋಡಿ ಬಸ್ಸಿನಲ್ಲಿ ಕೂತಿದ್ದೆ.

ತರಬೇತಿ ಕೊಡಲು ಬಂದವರು ಚಿಕ್ಕ ವಯಸ್ಸಿನ ಒಬ್ಬ ಮೇಡಂ. ದನಿ ಎಷ್ಟು ಮೆದುವೆಂದರೆ ಹಿಂದಿನ ಸಾಲಿನವರು ಅದನ್ನು ಕೇಳಿಸಿಕೊಳ್ಳುವ ಪ್ರಯತ್ನದಲ್ಲೇ ನಿದ್ದೆ ಹೋದರು. ಅವರು ಹೇಳಿದ್ದರ ಸಾರಾಂಶ ಇಷ್ಟು. ಮಕ್ಕಳು ತಪ್ಪು ಮಾಡಿದಾಗ ಶಿಕ್ಷೆ ಕೊಟ್ಟರೆ ಮಕ್ಕಳ ಬಾಯಿ ಮುಚ್ಚುತ್ತದೆಯೇ ಹೊರತು ಮುರಿದ ಸಂಬಂಧ ಕೂಡುವುದಿಲ್ಲ. ಆದ್ದರಿಂದ ಜಗಳ ಆಡಿದವರನ್ನೂ ಕಂಡವರನ್ನೂ ದುಂಡಗೆ ಕೂಡಿಸಬೇಕು. ಏನಾಯಿತು, ಆಗ ಮನಸ್ಸಿನಲ್ಲಿ ಏನಿತ್ತು, ಯಾರಿಗೆ ನೋವಾಯಿತು, ಈಗ ಏನು ಮಾಡಿದರೆ ಸರಿಹೋದೀತು ಎಂದು ಕೇಳಬೇಕು. ಒಂದು ವಸ್ತುವನ್ನು ಕೈಯಿಂದ ಕೈಗೆ ದಾಟಿಸಬೇಕು. ಅದು ಯಾರ ಕೈಯಲ್ಲಿ ಇರುತ್ತದೋ ಅವರದಷ್ಟೇ ಮಾತು, ಉಳಿದವರದು ಕಿವಿ. ಅದಕ್ಕೆಂದು ಅವರು ಉಣ್ಣೆಯ ಒಂದು ಚೆಂಡು ತಂದಿದ್ದರು. ನಮ್ಮ ಗುಂಪಿನಲ್ಲಿ ರಾಯಬಾಗ ಕಡೆಯ ಮಾಸ್ತರರೊಬ್ಬರು ಆ ಚೆಂಡು ಕೈಗೆ ಬಂದದ್ದೇ ತಮ್ಮ ವರ್ಗಾವಣೆಯ ಕಥೆ ತೆಗೆದರು. ಊಟದ ಹೊತ್ತಾದರೂ ಚೆಂಡು ಬಿಡಲಿಲ್ಲ. ಆಮೇಲೆ ಯಾರೋ ಹೋಳಿಗೆ ಬಂದಿದೆ ಎಂದರು, ಆಗ ಬಿಟ್ಟರು. ಏನೇ ಹೇಳಿ, ಆ ಮೇಡಂ ಹೇಳಿದ್ದು ನನ್ನ ಮನಸ್ಸಿಗೆ ಹಿಡಿಸಿತು. ಇಷ್ಟು ವರ್ಷ ನಾನು ಮಕ್ಕಳ ಜಗಳ ಬಿಡಿಸಿದ್ದೇನೆ ಅಂದುಕೊಂಡಿದ್ದೆ. ಬಿಡಿಸಿದ್ದೆ ನಿಜ, ಕೂಡಿಸಿರಲಿಲ್ಲ.

ಊರಿಗೆ ಬಂದು ಇದನ್ನು ಚೌಗಲಾ ಸರ್‌ಗೆ ವಿವರಿಸಿದೆ. ಇದಕ್ಕೆ ಪುನಃಸ್ಥಾಪನಾ ನ್ಯಾಯ ಎನ್ನುತ್ತಾರೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿ, ಇದಕ್ಕೇನರ ಅನುದಾನ ಐತೇನ್ರಿ ಎಂದು ಕೇಳಿದರು. ಇಲ್ಲ ಎಂದೆ. ಹಂಗಾರ ನಿಮ್ಮ ಪಿರಿಯಡ್ಡಿನಾಗ ಮಾಡ್ಕೋರಿ ಎಂದರು. ಮನೆಗೆ ಹೋಗಿ ನಮ್ಮ ಯಜಮಾನರಿಗೂ ಹೇಳಿದೆ. ಅವರು ಹಿಟ್ಟಿನ ಗಿರಣಿ ನಡೆಸುತ್ತಾರೆ. ಆ ಗದ್ದಲದಲ್ಲೇ ಆಯುಷ್ಯ ಕಳೆದದ್ದರಿಂದ ಮನೆಯಲ್ಲೂ ಗಿರಣಿಯ ದನಿಯಲ್ಲೇ ಮಾತಾಡುತ್ತಾರೆ. ಉಪ್ಪು ಕೇಳಿದರೂ ಪಕ್ಕದ ಮನೆಯವರು ತಂದುಕೊಡುವ ಹಾಗೆ ಕೇಳುತ್ತಾರೆ. "ಒಬ್ಬಾವ ಗೆದ್ದು ಒಬ್ಬಾವ ಸೋತ್ರ ಅದು ಕೋರ್ಟು. ಇಬ್ರೂ ಸೋತ್ರ ಅದು ಸಂಸಾರ. ಇಬ್ರೂ ಗೆಲ್ಲೂದು ಅಂದ್ರ ಅದ್ಯಾವ ಊರಾಗ ಐತಿ?" ಎಂದು ಕೇಳಿದರು. ಮರುದಿನ ಓಣಿಯ ಹೆಂಗಸರು ನನ್ನನ್ನು ತಡೆದು, ಯಾವ ಊರಂತ ಗೊತ್ತಾತೇನ್ರಿ ಅಕ್ಕಾರ ಎಂದು ವಿಚಾರಿಸಿದರು.

ಹೀಗೆ ನನ್ನ ಹೊಸ ವಿದ್ಯೆ ಚೀಲದಲ್ಲೇ ಮಡಿಚಿ ಬಿದ್ದಿರುವಾಗ ಖೋಖೋ ಪ್ರಕರಣ ಆಯಿತು. ನಮ್ಮ ಹುಡುಗಿಯರ ತಂಡದಲ್ಲಿ ಇಬ್ಬರು ಮುಖ್ಯ. ಒಬ್ಬಳು ಮಾಳವ್ವ. ಕುರಿಗಾರರ ಮನೆಯ ಹುಡುಗಿ. ಅವಳ ಅಪ್ಪ ಹೊಲದವರಿಗೆ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತ ಸತ್ತಿ ಊರಿನ ಹೊಳೆ ದಂಡೆಯವರೆಗೂ ತಿರುಗುತ್ತಾನೆ. ಕುರಿಯ ಹಿಂದೆ ಓಡಿ ಓಡಿ ಕಾಲು ಪಳಗಿಸಿಕೊಂಡವಳು ಅವಳು. ಅಂಕಣದಲ್ಲಿ ಓಡಿದರೆ ಧೂಳು ಏಳುವ ಮೊದಲೇ ಆಚೆ ಕಂಬದ ಹತ್ತಿರ ಇರುತ್ತಾಳೆ. ಇನ್ನೊಬ್ಬಳು ಸಮೃದ್ಧಿ. ದ್ರಾಕ್ಷಿ ತೋಟದವರ ಮಗಳು, ಕೈ ಚುರುಕು. ಇಬ್ಬರೂ ಒಂದನೆತ್ತೆಯಿಂದ, ಅಂದರೆ ಒಂದನೆಯ ತರಗತಿಯಿಂದ, ಒಂದೇ ಬೆಂಚಿನವರು, ಒಂದೇ ಡಬ್ಬಿಯಲ್ಲಿ ಉಣ್ಣುವವರು. ಖೋಖೋ ಆಟ ಬಲ್ಲವರಿಗೆ ಗೊತ್ತು. ಬೆನ್ನಟ್ಟುವ ತಂಡದವರು ಸಾಲಾಗಿ, ಒಬ್ಬರು ಆ ಕಡೆ ಮುಖ, ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಓಡುವವಳು ಹಿಂದಿನಿಂದ ಬಂದು ಕೂತವಳ ಬೆನ್ನು ಮುಟ್ಟಿ ಖೋ ಅನ್ನಬೇಕು. ಆಗ ಅವಳೆದ್ದು ಓಡಬೇಕು, ಇವಳು ಅಲ್ಲಿ ಕೂಡಬೇಕು.

ಕ್ಲಸ್ಟರ್ ಮಟ್ಟದ ಪಂದ್ಯದಲ್ಲಿ ಏನಾಯಿತೆಂದರೆ, ಮಾಳವ್ವ ಸಮೃದ್ಧಿಯ ಬೆನ್ನ ಹಿಂದೆ ಬಂದಾಗಲೆಲ್ಲ ಖೋ ಕೊಡದೆ ದಾಟಿ ಹೋದಳು. ಎದುರಾಳಿ ಹುಡುಗಿ ಸಮೃದ್ಧಿಯ ಮೂಗಿನ ಮುಂದೆಯೇ ನಿಂತು ಜಡೆ ಸರಿಮಾಡಿಕೊಳ್ಳುತ್ತಿದ್ದರೂ ಕೊಡಲಿಲ್ಲ. ಓಡಿ ಹೋಗಿ ಆ ತುದಿಯಲ್ಲಿ ಕೂತವಳಿಗೆ ಕೊಟ್ಟಳು. ಸಮೃದ್ಧಿ ಆಟ ಮುಗಿಯುವವರೆಗೆ ಮದುಮಗಳ ಹಾಗೆ ಕೂತೇ ಇದ್ದಳು. ನಮ್ಮ ಪುಣ್ಯ, ಎದುರಿನ ತಂಡ ನಮಗಿಂತಲೂ ಕಚ್ಚಾ ಇತ್ತು. ಹೇಗೋ ಗೆದ್ದು ತಾಲ್ಲೂಕು ಮಟ್ಟಕ್ಕೆ ಹೋದೆವು. ಆದರೆ ಮರುದಿನದಿಂದ ಇಬ್ಬರ ಬೆಂಚು ಬೇರೆಯಾಯಿತು, ಡಬ್ಬಿ ಬೇರೆಯಾಯಿತು. ಇಡೀ ತರಗತಿ ಕೃಷ್ಣೆಯ ಆಚೆ ದಂಡೆ ಈಚೆ ದಂಡೆ ಎಂಬಂತೆ ಇಬ್ಭಾಗವಾಯಿತು. ಯಾಕೆ ಹೀಗೆ ಮಾಡಿದಿ ಎಂದು ಯಾರು ಕೇಳಿದರೂ ಮಾಳವ್ವ ಬಾಯಿ ಬಿಡಲಿಲ್ಲ.

ನಾಯಿಕ ಸರ್ ಅವಳನ್ನು ತಂಡದಿಂದ ತೆಗೆಯಬೇಕೆಂದರು. ಚೌಗಲಾ ಸರ್ ಇನ್ನೂ ಮುಂದೆ ಹೋಗಿ, ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಎದುರು ಸಮೃದ್ಧಿಯ ಕಾಲು ಮುಟ್ಟಿ ತಪ್ಪಾಯಿತು ಅನ್ನಲಿ, ಅವಳ ಅಪ್ಪನನ್ನೂ ಕರೆಸೋಣ ಎಂದರು. ಅಂದು ಮಧ್ಯಾಹ್ನ ಮಾಳವ್ವ ಸ್ಟಾಫ್ ರೂಮಿನ ಕಿಟಕಿಯ ಹೊರಗೆ ನಿಂತು, ಸರಳುಗಳ ನಡುವೆ ಮುಖ ತೂರಿಸಿ ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು.

"ಎಲ್ಲಾರ ಮುಂದ ಕಾಲ ಬೀಳಂದ್ರ ನಾ ಸಾಲಿ ಬಿಡ್ತೀನ್ರಿ ಅಕ್ಕಾರ. ಅಪ್ಪಗೂ ಒಬ್ರು ಬೇಕಾಗ್ಯಾರ. ಕುರಿ ಕಾಯಾಕ ಹೊಕ್ಕೀನಿ."

ಅವಳು ಹೆದರಿಸಲು ಹೇಳುತ್ತಿರಲಿಲ್ಲ. ಬಸ್ಸು ಎಷ್ಟಕ್ಕೆ ಎಂದು ತಿಳಿಸುವವರ ಹಾಗೆ ತಿಳಿಸಿದಳು, ಅಷ್ಟೆ. ಕುರಿ ಹಿಂದೆ ಹೋದ ಹುಡುಗಿಯರು ಮರಳಿ ಶಾಲೆಗೆ ಬಂದದ್ದನ್ನು ನಾನು ಕಂಡಿಲ್ಲ. ಮತ್ತೆ ಅವರು ಕಾಣುವುದು ಕಂಕುಳಲ್ಲಿ ಕೂಸು ಇಟ್ಟುಕೊಂಡೇ. ನಾನು ಎದ್ದು ಹೋಗಿ ಚೌಗಲಾ ಸರ್ ಹತ್ತಿರ ಒಂದೇ ಒಂದು ಅವಕಾಶ ಕೇಳಿದೆ. ಶನಿವಾರ ಬೆಳಿಗ್ಗೆ ದುಂಡಗೆ ಕೂಡಿಸುತ್ತೇನೆ, ಅದರಿಂದ ಆಗದಿದ್ದರೆ ಸೋಮವಾರ ನಿಮ್ಮದು ಮಾಡಿ ಎಂದೆ. ಅವರು, ದುಂಡಗ ಕುಂತ್ರ ಊಟ ಆಕ್ಕೈತ್ರಿ, ನ್ಯಾಯ ಎಲ್ಲಿ ಆಕ್ಕೈತಿ ಎಂದರು. ಆದರೆ ಒಪ್ಪಿದರು.

ಅವರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಶನಿವಾರ ಬೇವಿನ ಮರದ ಕೆಳಗೆ ದುಂಡಗೆ ಕೂಡ್ರಿ ಎಂದದ್ದೇ ತಡ, ತಂಡದ ಇಬ್ಬರು ಹುಡುಗಿಯರು ಓಡಿ ಹೋಗಿ ಬಿಸಿಯೂಟದ ತಾಟು ತಂದರು. ತಾಟು ವಾಪಸು ಇಡಿಸಿ ಮತ್ತೆ ಕೂಡಿಸಿದೆ. ಈ ಸಲ ಸರಿಯಾಗಿಯೇ ಕೂತರು, ಆದರೆ ಖೋಖೋ ರೂಢಿಯಲ್ಲಿ ಒಬ್ಬಳು ಒಳಗೆ ಮುಖ, ಒಬ್ಬಳು ಹೊರಗೆ ಮುಖ. ಅರ್ಧ ಮಂದಿ ನನ್ನನ್ನು ನೋಡುತ್ತಿದ್ದರು, ಅರ್ಧ ಮಂದಿ ಮೂತ್ರಿಖಾನೆಯ ಗೋಡೆಯನ್ನು. ಎಲ್ಲರನ್ನೂ ಹಿಡಿದು ತಿರುಗಿಸುವಷ್ಟರಲ್ಲಿ ನನ್ನ ಸೊಂಟ ಹಿಡಿಯಿತು. ನಾಯಿಕ ಸರ್‌ರನ್ನೂ ಕರೆದು ಕೂಡಿಸಿದೆ. ನೆಲದ ಮೇಲೆ ಕೂಡುವಾಗ ಅವರು ಪ್ಯಾಂಟಿನ ಇಸ್ತ್ರಿಗೆ ಒಮ್ಮೆ ವಿದಾಯ ಹೇಳಿದ ಹಾಗೆ ಕಂಡಿತು.

ಇನ್ನು ಕೈಯಿಂದ ಕೈಗೆ ದಾಟಿಸುವ ವಸ್ತು. ಉಣ್ಣೆಯ ಚೆಂಡು ನಮ್ಮಲ್ಲಿ ಎಲ್ಲಿಯದು? ಬೇರೆ ಚೆಂಡು ಕೊಟ್ಟರೆ ಇವರು ಆಟ ಶುರುಮಾಡುತ್ತಾರೆ. ಡಸ್ಟರ್ ಕೊಡೋಣವೆಂದರೆ ನಮ್ಮ ಶಾಲೆಯಲ್ಲಿ ಡಸ್ಟರು ಕೈಯಿಂದ ಕೈಗೆ ಹೋಗುವುದಿಲ್ಲ, ಕೈಯಿಂದ ತಲೆಗೆ ಹೋಗುತ್ತದೆ. ಚೀಲದಲ್ಲಿ ಕೈಯಾಡಿಸಿದಾಗ ಒಂದು ಸಣ್ಣ ಹಿತ್ತಾಳೆ ಡಬ್ಬಿ ಸಿಕ್ಕಿತು. ಪಕ್ಕದ ಮನೆಯ ಶಾಂತಕ್ಕ ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋಗಿಬಂದು ಆ ಡಬ್ಬಿಯಲ್ಲಿ ಭಂಡಾರ, ಅಂದರೆ ಪ್ರಸಾದದ ಅರಿಸಿನ, ತಂದುಕೊಟ್ಟಿದ್ದಳು. ಭಂಡಾರ ದೇವರ ಗೂಡಿಗೆ ಹೋಗಿತ್ತು, ಡಬ್ಬಿ ವಾಪಸು ಕೊಡಲು ಚೀಲದಲ್ಲಿತ್ತು. ಅಂಚಿನಲ್ಲಿ ಒಂದಿಷ್ಟು ಅರಿಸಿನ ಉಳಿದಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಬಿದ್ದರೆ ಒಡೆಯುವುದಿಲ್ಲ. ಇದೇ ಸರಿ ಎಂದು ಅದನ್ನು ಎತ್ತಿ ತೋರಿಸಿ, ಇದು ಯಾರ ಕೈಯಲ್ಲಿ ಇರುತ್ತದೋ ಅವರು ಮನಸ್ಸು ಬಿಚ್ಚಿ ಮಾತಾಡಬೇಕು ಎಂದೆ.

ಈ ಸೀಮೆಯಲ್ಲೇ ಹುಟ್ಟಿ, ಈ ಸೀಮೆಯಲ್ಲೇ ಕೂದಲು ಬೆಳ್ಳಗಾದವಳಿಗೆ ಆಗ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಮ್ಮ ಕಡೆ ಯಾರ ಮಾತಿನ ಮೇಲಾದರೂ ನಂಬಿಕೆ ಬರದಿದ್ದರೆ, ಭಂಡಾರ ಮುಟ್ಟಿ ಹೇಳು ಎನ್ನುತ್ತಾರೆ. ಭಂಡಾರ ಮುಟ್ಟಿ ಸುಳ್ಳು ಹೇಳಿದವನ ದನ ಗಬ್ಬ ಕಟ್ಟುವುದಿಲ್ಲ, ಬಾವಿಯಲ್ಲಿ ನೀರು ನಿಲ್ಲುವುದಿಲ್ಲ. ನಾನು ದಾಟಿಸಿದ್ದು ಮಾತಿನ ಸರದಿಯ ಡಬ್ಬಿ. ಹುಡುಗಿಯರು ಹಿಡಿದದ್ದು ಮಲ್ಲಯ್ಯನ ಆಣೆ.

ಮೊದಲನೆಯವಳು ಡಬ್ಬಿಯನ್ನು ಕಣ್ಣಿಗೆ ಒತ್ತಿಕೊಂಡಳು. ನಿನ್ನೆಯ ಲೆಕ್ಕ ತಾನು ಮಾಡಿಲ್ಲ, ಅಕ್ಕ ಮಾಡಿಕೊಟ್ಟಿದ್ದಾಳೆ ಎಂದಳು. ನಾನು ಲೆಕ್ಕದ ಮಾತು ಬೇಡ, ಪಂದ್ಯದ ಮಾತು ಹೇಳು ಎನ್ನುವಷ್ಟರಲ್ಲಿ ಡಬ್ಬಿ ಮುಂದಿನವಳ ಕೈಗೆ ಹೋಗಿತ್ತು. ಆಕೆ ತನ್ನದಲ್ಲದ ಮೊಟ್ಟೆಯೊಂದನ್ನು ತಿಂದದ್ದನ್ನು ಒಪ್ಪಿಕೊಂಡಳು. ಮೂರನೆಯವಳು ಹೊಟ್ಟೆನೋವು ಎಂದು ರಜೆ ಹಾಕಿ ಲಗ್ನಕ್ಕೆ ಹೋಗಿದ್ದಳು. ನಾಲ್ಕನೆಯವಳು, ನಾಯಿಕ ಸರ್ ಗಾಡಿಯ ಗಾಳಿ ಬಿಟ್ಟವಳು ತಾನೇ ಎಂದಳು. ಎಷ್ಟು ಸಲ ಎಂದು ನಾಯಿಕ ಸರ್ ಕೇಳಿದರು. ಆಕೆ ಪಾಪ, ಆಣೆಗೆ ಹೆದರಿ ಬೆರಳು ಮಡಿಚತೊಡಗಿದಳು. ಎರಡನೆಯ ಕೈಗೆ ಬಂದಾಗ ನಾನೇ ಸಾಕೆಂದೆ.

ಅಷ್ಟರಲ್ಲಿ ಡಬ್ಬಿ ನಾಯಿಕ ಸರ್ ಮುಂದೆ ಬಂತು. ಅವರು ಬಿಸಿ ರೊಟ್ಟಿ ಮುಟ್ಟಿದವರ ಹಾಗೆ ಬೇಗ ಅದನ್ನು ಮುಂದೆ ಸರಿಸಲು ನೋಡಿದರು. ಆದರೆ ಇಷ್ಟೂ ಹುಡುಗಿಯರು ಅವರ ಬಾಯಿಯನ್ನೇ ನೋಡುತ್ತಿದ್ದರು. ಅವರು ಗಂಟಲು ಸರಿಮಾಡಿಕೊಂಡರು. ಅಂದಿನ ಪಂದ್ಯದಲ್ಲಿ ಎರಡನೆಯ ಸರದಿಯನ್ನು ತಾವು ನೋಡಲೇ ಇಲ್ಲ, ಗೇಟಿನ ಹತ್ತಿರ ಮಿರ್ಚಿ ಭಜಿ ಬಿಸಿಬಿಸಿ ಕರಿಯುತ್ತಿದ್ದರು, ಅಲ್ಲಿಗೆ ಹೋಗಿದ್ದಾಗಿ ಹೇಳಿದರು. ಮಾಳವ್ವ ಖೋ ಕೊಡಲಿಲ್ಲ ಎಂಬುದೂ ಅವರಿಗೆ ಭಜಿ ತಿಂದು ಬಂದ ಮೇಲೆ ಯಾರೋ ಹೇಳಿ ತಿಳಿದದ್ದಂತೆ. ಹೇಳಿ ಮುಗಿಸಿದಾಗ ಅವರ ಮುಖ ಎಷ್ಟು ಹಗುರವಾಗಿತ್ತೆಂದರೆ, ಇನ್ನೂ ಒಂದೆರಡು ಹೇಳಿಬಿಡುತ್ತಾರೇನೋ ಅನ್ನಿಸಿತು.

ಆಮೇಲೆ ಮಾಳವ್ವನ ಸರದಿ. ಆಕೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಳು. ನಾನು ಏನಾಯಿತು ಎಂದು ಕೇಳಿದೆ. ತರಬೇತಿಯಲ್ಲಿ ಕಲಿತದ್ದರಲ್ಲಿ ಅಂದು ನಾನು ಸರಿಯಾಗಿ ಕೇಳಿದ್ದು ಅದೊಂದೇ.

"ನಾ ಬೇಕಂತನ ಕೊಡಲಿಲ್ರಿ," ಎಂದಳು. "ಹಿಂದಿನ ದಿನ ಹೊಸ ಅಂಗಿ ಕೊಟ್ರಲ್ಲ, ಆವಾಗ ಅಕಿ ನನಗ, ಬೆನ್ನಿಗೆ ಕೈ ಹಚ್ಚಬ್ಯಾಡ, ನಿನ್ನ ಕೈ ಕುರಿ ವಾಸನಿ ಬರ್ತೈತಿ ಅಂದ್ಲು. ಹಚ್ಚಬ್ಯಾಡ ಅಂದ್ಲು, ಹಚ್ಚಲಿಲ್ಲ. ಮುಟ್ಟದ ಖೋ ಹೆಂಗ ಕೊಡ್ಲಿ ಅಕ್ಕಾರ?"

ಹೊಸ ಅಂಗಿ ಎಂದರೆ ತಂಡಕ್ಕೆ ಹೊಲಿಸಿದ ಬಿಳಿ ಅಂಗಿ. ಕರಿ ಮಣ್ಣಿನ ಊರಲ್ಲಿ, ನೆಲದಲ್ಲಿ ಕೂತು ಏಳುವ ಆಟಕ್ಕೆ ಬಿಳಿ ಬಣ್ಣ ಆರಿಸಿದವರು ನಾಯಿಕ ಸರ್. ಅವರು ಈಗ ನೆಲ ನೋಡುತ್ತಿದ್ದರು. ಸಮೃದ್ಧಿ ಡಬ್ಬಿ ತೆಗೆದುಕೊಳ್ಳುವ ಮೊದಲೇ ಅಳುತ್ತಿದ್ದಳು. ಅಂದದ್ದು ಖರೇ ಎಂದಳು. ಅಂಗಿ ಹೊಲಸು ಮಾಡಿಕೊಂಡು ಬಂದರೆ ಮನೆಯೊಳಗೆ ಬಿಡುವುದಿಲ್ಲ ಎಂದು ಅವ್ವ ಹೆದರಿಸಿದ್ದಳು, ಅದಕ್ಕೇ ಅಂದೆ ಎಂದಳು. ನನಗೆ ಜೀವ ಬಂದಂತಾಯಿತು. ಕಟ್ಟಿದ ಕಾಲುವೆ ಬಿಟ್ಟುಕೊಂಡಿತು, ಇನ್ನು ಸ್ವಲ್ಪ ಗುದ್ದಲಿ ಹಾಕಿದರೆ ನೀರು ಹರಿದೀತು ಎಂದು, ಕೇಳಬಾರದ್ದನ್ನು ಕೇಳಿದೆ. ಹಾಗಾದರೆ ವಾಸನೆ ಗೀಸನೆ ಏನೂ ಇಲ್ಲ, ಅಂಗಿಯ ಸಲುವಾಗಿ ಸುಮ್ಮನೆ ಅಂದದ್ದು, ಹೌದಲ್ಲ ಎಂದೆ. ಸಮೃದ್ಧಿ ಕೈಯಲ್ಲಿದ್ದ ಡಬ್ಬಿ ನೋಡಿದಳು. ನನ್ನನ್ನು ನೋಡಿದಳು.

"ವಾಸನಿ ಬರ್ತೈತ್ರಿ ಅಕ್ಕಾರ. ಭಂಡಾರ ಮುಟ್ಟಿ ಸುಳ್ಳ ಹೆಂಗ ಹೇಳ್ಲಿ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಂಬಂಧ ಕೂಡಿಸಲು ಹೋಗಿ ಇದ್ದ ಎಳೆಯನ್ನೂ ನಾನೇ ಹರಿದೆ, ಸೋಮವಾರಕ್ಕೆ ಕಾಯುವುದೂ ಬೇಡ, ಈ ಹುಡುಗಿ ಈಗಲೇ ಎದ್ದು ಕುರಿ ಹಿಂದೆ ಹೋಗುತ್ತಾಳೆ ಎಂದುಕೊಂಡೆ. ಸಮೃದ್ಧಿ ಮೂಗು ಒರೆಸಿಕೊಂಡು ಮುಂದುವರಿಸಿದಳು. ಬಾಜೂಕೆ ಕೂತಾಗ ಆ ವಾಸನೆ ತನಗೆ ಗೊತ್ತೇ ಆಗುವುದಿಲ್ಲ, ಈಗ ಅವಳು ಎದ್ದು ಹೋದ ಮೇಲೆ ಬೆಂಚಿಗೆ ಬೇರೆ ಯಾರದೋ ಮನೆಯ ವಾಸನೆ ಬರುತ್ತಿದೆ, ತನಗೆ ಊಟ ಸೇರುತ್ತಿಲ್ಲ ಎಂದಳು. ಮಾಳವ್ವ ಕೈ ಚಾಚಿದಳು. ಸರದಿ ಅವಳದಾಗಿರಲಿಲ್ಲ. ಆದರೂ ಸಮೃದ್ಧಿ ಡಬ್ಬಿ ಕೊಟ್ಟಳು.

"ಅಕಿ ಮೈಯಾಗ ಔಷಧದ ವಾಸನಿ ಬರ್ತೈತ್ರಿ. ದ್ರಾಕ್ಷಿಗೆ ಹೊಡೀತಾರಲ್ಲ, ಅದು. ಒಂದನೆತ್ತಿಯಿಂದ ತಡಕೊಂಡ ಕುಂತೀನಿ. ಒಂದ ದಿನ ಅಂದಿಲ್ಲ."

ಮೊದಲು ನಕ್ಕವಳು ಸಮೃದ್ಧಿ. ಅಳುವಿನ ನಡುವೆ ನಕ್ಕದ್ದರಿಂದ ಅದು ಬಿಕ್ಕಳಿಕೆಯಾಗಿ, ಬಿಕ್ಕಳಿಕೆಗೆ ಮಾಳವ್ವ ನಕ್ಕು, ಆಮೇಲೆ ಯಾರ ಕೈಯಲ್ಲಿ ಡಬ್ಬಿ ಇದೆ ಎಂಬುದನ್ನು ಯಾರೂ ಲೆಕ್ಕಿಸಲಿಲ್ಲ. ಅವಳ ಮನೆಯದು ಬೆಲ್ಲದ ಗಾಣದ ವಾಸನೆ, ಇವಳದು ಎಮ್ಮೆಯದು, ಇನ್ನೊಬ್ಬಳದು ಎಣ್ಣೆಯದು, ನಾಯಿಕ ಸರ್‌ದು ಮೂಗು ಮುಚ್ಚುವಷ್ಟು ಸೆಂಟಿನದು. ಒಬ್ಬಳು ನನ್ನ ಕಡೆ ನೋಡಿ, ಅಕ್ಕಾರ ಮೈಯಾಗ ಜ್ವಾಳದ ಹಿಟ್ಟಿನ ವಾಸನಿ ಬರ್ತೈತಿ, ಗುರುವಾರ ಮಾತ್ರ ಖಾರದ್ದು, ಅವತ್ತ ನಮಗ ಸೀನು ತಡಿಯಾಕ ಆಗೂದಿಲ್ಲ, ಅದಕ್ಕ ಹಿಂದಿನ ಬೆಂಚಿಗೆ ಹೊಕ್ಕೀವಿ ಎಂದಳು. ಗುರುವಾರ ನಮ್ಮ ಗಿರಣಿಯಲ್ಲಿ ಮೆಣಸಿನಕಾಯಿ ಬೀಸುತ್ತಾರೆ. ಗುರುವಾರ ಮುಂದಿನ ಬೆಂಚು ಖಾಲಿ ಇರುವುದನ್ನು ನಾನೂ ಗಮನಿಸಿದ್ದೆ. ಅಂದು ವ್ಯಾಕರಣ ಪಾಠ ಇರುವುದರಿಂದ ನನ್ನ ಪ್ರಶ್ನೆಗಳಿಗೆ ಮಕ್ಕಳು ಅಂಜುತ್ತಾರೆಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಏನು ಮಾಡಿದರೆ ಸರಿಹೋದೀತು ಎಂಬ ಪ್ರಶ್ನೆಗೆ ಹುಡುಗಿಯರು ನನ್ನನ್ನು ಕೇಳದೆ ತೀರ್ಪು ಕೊಟ್ಟರು. ಸಮೃದ್ಧಿ ಅದೇ ಬಿಳಿ ಅಂಗಿ ಹಾಕಿಕೊಂಡು ಮಾಳವ್ವನ ಕುರಿ ಹಟ್ಟಿಗೆ ಹೋಗಿ ಮರಿಯೊಂದನ್ನು ಎತ್ತಿ ಆಡಿಸಬೇಕು. ಮಾಳವ್ವ ಎಲ್ಲರ ಎದುರು ಸಮೃದ್ಧಿಯ ಬೆನ್ನಿಗೆ ಒಂದು ಖೋ ಕೊಡಬೇಕು, ಈಗಲೇ. ಮಾಳವ್ವ ಎದ್ದು ಹೋಗಿ ಕೊಟ್ಟಳು. ಇಷ್ಟು ದಿನ ಕೊಡದೆ ಉಳಿದದ್ದನ್ನೆಲ್ಲ ಸೇರಿಸಿ ಕೊಟ್ಟಳೆಂದು ಆ ಸದ್ದಿನಿಂದ ತಿಳಿಯಿತು. ಕಚೇರಿಯ ಕಿಟಕಿಯಿಂದ ನೋಡುತ್ತಿದ್ದ ಚೌಗಲಾ ಸರ್ ಏನು ನಡೆದಿದೆ ಎಂದು ಬಂದರು. ಒಬ್ಬಳು ಡಬ್ಬಿಯನ್ನು ಅವರ ಕಡೆ ಚಾಚಿ, ಕುಂದರ್ರಿ ಸರ್ ಎಂದಳು. ಅವರು ಅದನ್ನು ನೋಡಿದರು, ನಾಯಿಕ ಸರ್ ಮುಖ ನೋಡಿದರು, ನನಗ ಮೀಟಿಂಗ್ ಐತಿ ಎಂದು ಹೊರಟೇಬಿಟ್ಟರು. ಸೋಮವಾರದ ಪ್ರಾರ್ಥನೆ ನಾಡಗೀತೆಯೊಂದಿಗೆ ಮುಗಿಯಿತು. ಕಾಲು ಮುಟ್ಟುವ ಮಾತನ್ನು ಯಾರೂ ಎತ್ತಲಿಲ್ಲ. ಅಂದು ಮಧ್ಯಾಹ್ನ ಮಾತ್ರ ಸಮೃದ್ಧಿಯ ಅವ್ವ ಪ್ಲಾಸ್ಟಿಕ್ ಚೀಲದಲ್ಲಿ ಆ ಅಂಗಿ ಹಿಡಿದುಕೊಂಡು ಶಾಲೆಗೆ ಬಂದಳು. ಕುರಿಮರಿ ಅದರ ಮೇಲೆ ತನ್ನ ಅಭಿಪ್ರಾಯವನ್ನು ಮೂರು ಕಡೆ ತಿಳಿಸಿತ್ತು. ನಾನು ಕೈ ಮುಗಿಯುವವಳಿದ್ದೆ. ಆಕೆ, ಅಂಗಿ ಹೋಗಲಿ ಬಿಡ್ರಿ, ಒಗಕೊಂಡ್ರ ಆತು, ಈಗ ಮಗಳು ಮನ್ಯಾಗ ಕುರಿ ಮರಿ ಬೇಕಂತ ಹಟ ಹಿಡದು ಉಣವಲ್ಲಳು, ನೀವ ಒಂದ ಮಾತ ಹೇಳ್ರಿ ಎಂದಳು.

ಅಲ್ಲಿಂದ ಮುಂದೆ ನಮ್ಮ ಶಾಲೆಗೆ ದುಂಡಗೆ ಕೂಡುವ ರೋಗ ಹತ್ತಿತು. ಡಬ್ಬಿಯನ್ನು ಶಾಂತಕ್ಕನಿಗೆ ಹಿಂದಿರುಗಿಸಿದೆ. ಆ ಡಬ್ಬಿ ಇನ್ನೊಂದು ವಾರ ಶಾಲೆಯಲ್ಲಿ ಇದ್ದಿದ್ದರೆ ಶಿಕ್ಷಕರೆಲ್ಲ ವರ್ಗಾವಣೆ ಬೇಡುತ್ತಿದ್ದರು. ಆದರೆ ಪೆನ್ಸಿಲ್ಲು ಹಿಡಿದಾದರೂ ಸರಿ, ಹಸಿ ಬದನೆಕಾಯಿ ಹಿಡಿದಾದರೂ ಸರಿ, ಮಕ್ಕಳು ಕೂಡತೊಡಗಿದರು. ರಬ್ಬರು ಕಳೆದರೆ ದುಂಡಗೆ, ನೀರಿನ ನಲ್ಲಿಯ ಹತ್ತಿರ ನೂಕಾಡಿದರೆ ದುಂಡಗೆ. ಒಂದನೆತ್ತೆಯ ಮಕ್ಕಳ ವ್ಯಾಜ್ಯಗಳನ್ನೆಲ್ಲ ಮಾಳವ್ವನೇ ನಡೆಸಿದಳು. ಹಿಂಡು ಕಾಯ್ದವಳಿಗೆ ಅದು ಕಷ್ಟವಾಗಲಿಲ್ಲ. ಪಾಠ ಯಾವಾಗ ಮಾಡ್ತೀರಿ ಎಂದು ಚೌಗಲಾ ಸರ್ ಗೊಣಗುತ್ತಿದ್ದರು, ಆದರೆ ದೂರು ಹೊತ್ತು ಕಚೇರಿಗೆ ಬರುವ ಮಕ್ಕಳು ಕಡಿಮೆಯಾಗಿ ಅವರ ಮಧ್ಯಾಹ್ನದ ಚಹಾ ಬಿಸಿಯಾಗಿಯೇ ಗಂಟಲಿಗಿಳಿಯುತ್ತಿತ್ತು.

ಹೀಗೆ ತಾಲ್ಲೂಕು ಪಂದ್ಯದ ದಿನ ಬಂತು. ನಾನೂ ಜೊತೆಗೆ ಹೋದೆ. ಎದುರಿಗೆ ಬಂದದ್ದು ಗಡಿಯ ಕಡೆಯ ಒಂದು ಶಾಲೆ. ಅವರ ತಂಡದ ಜೊತೆ ನನ್ನದೇ ವಯಸ್ಸಿನ, ನನ್ನದೇ ಗಾತ್ರದ ಒಬ್ಬ ಶಿಕ್ಷಕಿ ಬಂದಿದ್ದರು. ಮಕ್ಕಳು ಅವರನ್ನು, ಮರಾಠಿಯಲ್ಲಿ ಟೀಚರನ್ನು ಕರೆಯುವ ಹಾಗೆ, ಬಾಯಿ ಎಂದು ಕರೆಯುತ್ತಿದ್ದರು. ಆಟ ಸಮಸಮನಾಗಿ ನಡೆದಿತ್ತು. ಕೊನೆಯ ಹೊತ್ತಿನಲ್ಲಿ ಮಾಳವ್ವ ಗಾಳಿಯ ಹಾಗೆ ಬಂದು ಸಮೃದ್ಧಿಗೆ ಖೋ ಕೊಟ್ಟಳು, ಸಮೃದ್ಧಿ ಎದ್ದು ಎದುರಾಳಿಯನ್ನು ಮುಟ್ಟಿಯೇಬಿಟ್ಟಳು. ಅಷ್ಟರಲ್ಲಿ ಆ ಬಾಯಿ ಫೌಲ್ ಎಂದು ಕೂಗಿದರು. ಬೆನ್ನು ಮುಟ್ಟಲೇ ಇಲ್ಲ, ಬರೀ ಬಾಯಲ್ಲಿ ಅಂದಳು ಎಂದರು. ಪಂಚರು ಹೌದು ಎಂದು ಸೀಟಿ ಊದಿದರು. ನಾವು ಸೋತೆವು.

ನನ್ನ ಸಿಟ್ಟು ಅಂದು ಯಾಕೋ ತಡ ಮಾಡಲಿಲ್ಲ. ಸೀಟಿಗಿಂತ ಮೊದಲೇ ಬಂದಿತ್ತು. ನಾನು ಸಮೃದ್ಧಿಯನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಆ ಬಾಯಿಯ ಎದುರು ಬೆನ್ನು ತಿರುಗಿಸಿ ನಿಲ್ಲಿಸಿದೆ. ಬಿಳಿ ಅಂಗಿಯ ನಡುಮಧ್ಯ ಕರಿ ಮಣ್ಣಿನಲ್ಲಿ ಅಚ್ಚೊತ್ತಿದ ಹಾಗೆ ಒಂದು ಕೈ. ನೋಡ್ರಿ, ಐದೂ ಬೆರಳು ಮೂಡ್ಯಾವ, ಮುಟ್ಟಿಲ್ಲಂತೀರೇನು ಎಂದೆ. ಅವರು, ಇದು ಹಿಂದಿನ ಖೋ ಇರಬೇಕು ಎಂದರು. ಆಮೇಲೆ ಸಿಟ್ಟಿನಲ್ಲಿ ಮರಾಠಿಗೆ ಹೊರಳಿ, ಅಹೋ ಬಾಯಿ, ಡೋಳೆ ಆಹೇತ್ ಕಾ ನಾಹೀತ್ ಎಂದು ನನ್ನ ಕಣ್ಣುಗಳ ಬಗ್ಗೆ ವಿಚಾರಿಸಿದರು. ಕಣ್ಣು ಇವೆ ಎಂದು ನಾನು ಕನ್ನಡದಲ್ಲಿ ತಿಳಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮಕ್ಕಳಿಗೆ ಸುಳ್ಳು ಹೇಳುವುದನ್ನೇ ಕಲಿಸಿದವರಿಗೆ ಖರೇ ಹೇಗೆ ಕಂಡೀತು ಎಂದೂ ಅಂದೆ. ಯಜಮಾನರ ಗಿರಣಿಯ ದನಿ ನನಗೂ ಒಲಿದಿದೆ ಎಂದು ಆಗಲೇ ನನಗೆ ಗೊತ್ತಾದದ್ದು. ಚುರುಮುರಿ ಮಾರುವವನು ಗಾಡಿ ಬಿಟ್ಟು ಬಂದ. ಆ ಬಾಯಿಯ ಹುಡುಗಿಯರು ಅವರ ಸೀರೆಯ ಹಿಂದೆ ಒಬ್ಬೊಬ್ಬರಾಗಿ ಸರಿದು ನಿಂತರು.

ಯಾರೋ ನನ್ನ ಸೆರಗು ಜಗ್ಗಿದರು. ನೋಡಿದರೆ ಮಾಳವ್ವ. ಆಕೆಯ ಇನ್ನೊಂದು ಕೈ ಆ ಬಾಯಿಯ ಕೈ ಹಿಡಿದಿತ್ತು. ನೆರಳಿಗೆ ಬರ್ರಿ ಇಬ್ರೂ ಎಂದಳು. ಏನು, ಎತ್ತ ಎಂದು ಕೇಳುವ ಮೊದಲೇ ನಾನೂ ಬಾಯಿಯೂ ಒಂದು ಹುಣಸೆಮರದ ಕೆಳಗೆ ಎದುರುಬದುರು ಕೂತಿದ್ದೆವು. ಇಬ್ಬರಿಗೂ ಮಂಡಿನೋವು, ಒಂದೇ ರೀತಿಯಲ್ಲಿ ನರಳಿ ಕೂತೆವು. ಎರಡೂ ತಂಡದ ಹುಡುಗಿಯರು ಸುತ್ತ ಕೂತರು, ನಮ್ಮವರು ಅವರವರನ್ನು ಹಿಡಿದು ಒಳಗೆ ಮುಖ ಮಾಡಿಸಿದರು. ಸಮೃದ್ಧಿ ಅರ್ಧ ಖಾಲಿಯಾದ ನೀರಿನ ಬಾಟಲಿಯೊಂದನ್ನು ನನ್ನ ಕೈಗಿಟ್ಟಳು. ಏನಾಯಿತು ಎಂದು ಮಾಳವ್ವ ಕೇಳಿದಳು. ಹೇಳಿದೆ. ಆಗ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದಳು. ಅದನ್ನೂ ಹೇಳಿದೆ, ಸ್ವಲ್ಪ ಮಡಿ ಉಡಿಸಿ.

"ಇದ್ರಾಗ ಯಾರಿಗೆ ನೋವಾತ್ರಿ?"

ಎದುರಿಗೆ ಆ ಬಾಯಿ ನೆಲದ ಹುಲ್ಲು ಕೀಳುತ್ತಿದ್ದರು, ತಲೆ ಎತ್ತಿರಲಿಲ್ಲ. ನನಗೇ ಎಂದೆ.

ಮಾಳವ್ವ ಸಮಾಧಾನದಿಂದ ತಲೆ ಅಲ್ಲಾಡಿಸಿದಳು. ಒಂದನೆತ್ತೆಯ ಮಕ್ಕಳ ಹತ್ತಿರ ಮಾತಾಡುವ ಅದೇ ದನಿ.

"ಮೊದಲಿಗೆ ಎಲ್ಲಾರೂ ಹಂಗ ಅಂತಾರ್ರಿ," ಎಂದಳು. "ಮುಂದ ಹೇಳ್ರಿ."